ಹಗಲಲ್ಲಿ ಓದಬಾರದ ಪುಟ

ನನ್ನ ಕೆಲಸ ಏನೆಂದು ಯಾರಾದರೂ ಕೇಳಿದರೆ, ನಾನು ಏನಲ್ಲ ಎಂಬುದನ್ನೇ ಮೊದಲು ಹೇಳುತ್ತೇನೆ. ಆಶಾ ಕಾರ್ಯಕರ್ತೆಯಲ್ಲ, ಅಂಗನವಾಡಿಯವಳಲ್ಲ, ಸಂಘದ ಕಂತು ಕೇಳಲು ಬಂದವಳಂತೂ ಅಲ್ಲವೇ ಅಲ್ಲ. ಇಷ್ಟನ್ನು ಅಂಗಳದಲ್ಲೇ ನಿಂತು ಹೇಳದಿದ್ದರೆ ಧರ್ಮಪುರದಾಚೆಯ ಹಟ್ಟಿಗಳಲ್ಲಿ ಹೆಂಗಸರು ಹಿತ್ತಿಲ ಬಾಗಿಲಿನಿಂದ ಮಾಯವಾಗುತ್ತಾರೆ. ಕೂಲಿನಾಲಿ ಮಾಡುವ, ಕುರಿ ಮೇಯಿಸುವ ಮನೆಗಳಿಗೆ ವಾರಕ್ಕೊಮ್ಮೆ ಹೋಗಿ, ಇನ್ನೂ ಶಾಲೆ ಸೇರದ ಮಕ್ಕಳ ತಾಯಂದಿರ ಪಕ್ಕ ಕುಳಿತು, ಮಗುವಿನ ಜೊತೆ ಹೇಗೆ ಮಾತಾಡಬೇಕು, ಚಿತ್ರದ ಪುಸ್ತಕವನ್ನು ಹೇಗೆ ಓದಿ ತೋರಿಸಬೇಕು ಎಂದು ಹೇಳಿಕೊಡುವುದು ನನ್ನ ಕೆಲಸ. ಹೆತ್ತ ತಾಯಿಗೆ ಮಗುವಿನ ಜೊತೆ ಮಾತಾಡುವುದನ್ನು ಕಲಿಸಲು ಸಂಬಳ ಕೊಡುತ್ತಾರೆ ಎಂದರೆ ನನ್ನ ಅವ್ವ ಈಗಲೂ ನಂಬುವುದಿಲ್ಲ.

ಸಂಸ್ಥೆಯ ಹೆಸರು ‘ಮಡಿಲ ಮಾತು’. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ನಾಲ್ಕೂ ತಾಲ್ಲೂಕುಗಳಲ್ಲಿ ನನ್ನಂಥವರಿದ್ದಾರೆ. ಕಚೇರಿ ದುರ್ಗದಲ್ಲಿ, ಮಹಡಿಯ ಮೇಲೆ. ಅಲ್ಲಿನ ಕಿಟಕಿಯಿಂದ ಜೋಗಿಮಟ್ಟಿ ಚೆನ್ನಾಗಿ ಕಾಣುತ್ತದೆ. ಹಟ್ಟಿಗಳು ಕಾಣುವುದಿಲ್ಲ, ಅದಕ್ಕೇ ನಿಯಮಗಳು ಅಲ್ಲಿ ಅಷ್ಟು ಸಲೀಸಾಗಿ ಹುಟ್ಟುತ್ತವೆ. ಭೇಟಿ ಹಗಲಿನಲ್ಲೇ ಆಗಬೇಕು, ಏಕೆಂದರೆ ತಾಯಿ-ಮಗು ಓದುವ ಫೋಟೊ ಮಬ್ಬಾದರೆ ಆ್ಯಪ್ ಒಪ್ಪುವುದಿಲ್ಲ. ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದಿಸಬೇಕು. ಓದಿಸಿದ ಮೇಲೆ ಚೀಲಕ್ಕೆ ಹಾಕಿಕೊಂಡು ಬರಬೇಕು, ಮನೆಯಲ್ಲಿ ಬಿಟ್ಟರೆ ಹರಿದುಹೋಗುತ್ತದೆ. ಮಕ್ಕಳಿಗೆ ಪುಸ್ತಕದ ಪ್ರೀತಿ ಹುಟ್ಟಿಸುವ ಯೋಜನೆಯಲ್ಲಿ ಪುಸ್ತಕವನ್ನು ಮಕ್ಕಳಿಂದ ಕಾಪಾಡುವುದೇ ನಮಗೆ ದೊಡ್ಡ ಪಾಡು.

ಕಾವ್ಯಶ್ರೀಯ ಮನೆ ಹಟ್ಟಿಯ ಕೊನೆಯಲ್ಲಿದೆ. ಎಸ್ಸೆಸ್ಸೆಲ್ಸಿ ಪಾಸಾದ ಸೊಸೆ, ಕನ್ನಡ ಓದುವುದನ್ನು ಕೇಳಲು ಖುಷಿಯಾಗುತ್ತದೆ. ಗಂಡ ಹಿರಿಯೂರಿನಲ್ಲಿ ಗಾರೆ ಕೆಲಸಕ್ಕೆ ಹೋಗಿ ಅಲ್ಲೇ ಉಳಿಯುತ್ತಾನೆ. ಅತ್ತೆ ನಿಂಗಕ್ಕನಿಗೆ ಅಕ್ಷರ ಬಾರದು. ಅದೊಂದರ ಹೊರತು ತನಗೆ ಬಾರದ್ದು ಯಾವುದೂ ಇಲ್ಲ ಎಂಬುದು ನಿಂಗಕ್ಕನ ಅಭಿಪ್ರಾಯ. ಮಗ ಶಿವುಗೆ ಆಗಿನ್ನೂ ನಾಲ್ಕು ತುಂಬಿರಲಿಲ್ಲ.

ಮೊದಲ ವಾರ ನಾನು ಶಿವುಗೆ ಕಲಿಸಿದ್ದು ಒಂದೇ ಪಾಠ. ಪುಸ್ತಕದಲ್ಲಿ ಏನಿದೆಯೋ ಅದನ್ನು ಬೆರಳಿಟ್ಟು ತೋರಿಸಿ ಹೇಳಬೇಕು, ಇಲ್ಲದ್ದನ್ನು ಹೇಳಬಾರದು. ಅವನು ಅದನ್ನು ಎಷ್ಟು ಗಟ್ಟಿಯಾಗಿ ಹಿಡಿದುಕೊಂಡನೆಂದರೆ, ಪುಟದಲ್ಲಿ ಕಾಣದ ಯಾವುದನ್ನೂ ನಂಬದ ಹಾಗಾದ. ನಮ್ಮ ತರಬೇತಿಯಲ್ಲಿ ಇದಕ್ಕೆ ಮೊದಲ ಮೆಟ್ಟಿಲು ಎನ್ನುತ್ತಾರೆ.

ನಾವು ಓದಿಸುತ್ತಿದ್ದ ಪುಸ್ತಕ ‘ತಪ್ಪಿಸಿಕೊಂಡ ಮರಿ’. ಹಟ್ಟಿಯ ಮಕ್ಕಳ ಪರಿಸರಕ್ಕೆ ಹೊಂದಲಿ ಎಂದು ಕುರಿಯ ಕಥೆಯನ್ನೇ ಆರಿಸಿದ್ದರು. ಒಂದು ಕುರಿಮರಿ ಮಂದೆಯಿಂದ ತಪ್ಪಿಸಿಕೊಂಡು ಬಾವಿ ಕಟ್ಟೆ ಹತ್ತಿರ ಹೋಗುತ್ತದೆ, ನವಿಲನ್ನು ನೋಡುತ್ತದೆ, ರಸ್ತೆಯಲ್ಲಿ ಬಸ್ಸಿಗೆ ಹೆದರುತ್ತದೆ, ಮಳೆಯಲ್ಲಿ ನೆನೆಯುತ್ತದೆ. ಕೊನೆಯ ಪುಟದಲ್ಲಿ ಮನೆಗೆ ಬರುತ್ತದೆ, ತಾಯಿ ಅದರ ಮೈ ನೆಕ್ಕುತ್ತದೆ. ಚಿತ್ರ ಬಿಡಿಸಿದವರು ಕುರಿಯನ್ನು ಎಲ್ಲಿ ನೋಡಿದ್ದರೋ, ಮರಿ ಹತ್ತಿಯ ಹಾಗೆ ಬೆಳ್ಳಗಿತ್ತು. “ಇದೇನವ್ವ, ಕುರೀನ ಸೋಪಾಕಿ ತೊಳ್ದವ್ರೆ,” ಎಂದು ನಿಂಗಕ್ಕ ನಕ್ಕಳು.

ಕಾವ್ಯಶ್ರೀ ಸೊಗಸಾಗಿ ಓದಿದಳು. ಶಿವು ಬೆರಳಿಟ್ಟ, ಬಸ್ಸು ಎಂದ, ನವಿಲು ಎಂದ. ಮಳೆಯ ಪುಟ ಮುಗಿಯಿತು. ಅಲ್ಲಿಗೆ ಅವಳು ಪುಸ್ತಕ ಮುಚ್ಚಿ ನನ್ನ ಕೈಗೆ ಕೊಟ್ಟಳು.

“ಸಾಕು ಅಕ್ಕ.”

“ಇನ್ನೊಂದೇ ಪುಟ ಐತಲ್ಲ ಕಾವ್ಯ.”

“ಅದಕ್ಕೇ ಸಾಕು.”

ನನಗೆ ಅರ್ಥವಾಗಲಿಲ್ಲ. ನಿಂಗಕ್ಕನೇ ಬಿಡಿಸಿ ಹೇಳಿದಳು. “ಹಗಲೊತ್ತು ಕಥೆ ಹೇಳಿದ್ರೆ ಸೋದರಮಾವ ದಾರಿ ತಪ್ತಾನೆ ಕಣವ್ವ. ನಿಮ್ಮವ್ವ ಹೇಳಿಲ್ವೇನು ನಿಂಗೆ? ಇವಳ ಅಣ್ಣ ದುರ್ಗೇಶ ಮಂದೆ ಹೊಡ್ಕಂಡು ಅಮರಾಪುರದಾಚೆ ಹೋಗವ್ನೆ. ಗೊತ್ತಿಲ್ಲದ ಸೀಮೆ. ಈ ಹೊತ್ನಾಗೆ ಹುಡುಗನ ಮುಂದೆ ಕಥೆ ಮುಗಿಸಿ ಏನ್ ಮಾಡಾಣ?”

“ಮತ್ತೆ ಇಷ್ಟೊತ್ತು ಓದಿದ್ದು ಕಥೆ ಅಲ್ವಾ ಅಜ್ಜಿ?”

“ಮುಗಿದ್ರೆ ತಾನೇ ಕಥೆ. ಮುಗೀದಿದ್ರೆ ಬರೀ ಮಾತು. ಮಾತಾಡಿದ್ರೆ ಯಾವ ಮಾವನಿಗೂ ಏನೂ ಆಗಲ್ಲ. ನೀನು ಮಾತು ಕಲ್ಸಕೆ ತಾನೇ ಬಂದಿರಾದು?”

ಈ ತೀರ್ಪಿನ ಮೇಲೆ ಮೇಲ್ಮನವಿ ಇರಲಿಲ್ಲ. ಮುಂದಿನ ವಾರದ ಹೊತ್ತಿಗೆ ಅದು ಹಟ್ಟಿಯೆಲ್ಲ ಹಬ್ಬಿತ್ತು. ಅಲ್ಲಿನ ಸೊಸೆಯಂದಿರ ಅಣ್ಣತಮ್ಮಂದಿರಲ್ಲಿ ಮುಕ್ಕಾಲು ಮಂದಿ ಕುರಿ ಹಿಂದೆ ಹೋದವರೇ. ಶೇಂಗಾ ಕಿತ್ತಾದ ಮೇಲೆ ಹೊರಟರೆ ಮಳೆ ಹಿಡಿಯುವವರೆಗೆ ಊರೂರು ತಿರುಗಿ, ಯಾರದೋ ಹೊಲದಲ್ಲಿ ಗೊಬ್ಬರಕ್ಕೆಂದು ಮಂದೆ ನಿಲ್ಲಿಸಿ, ಮಳೆ ಬಂದ ಮೇಲೆ ತಿರುಗಿ ಬರುತ್ತಾರೆ. ಹೀಗಾಗಿ ಪ್ರತಿ ಮನೆಯಲ್ಲೂ ಪುಸ್ತಕ ಮಳೆಯ ಪುಟಕ್ಕೆ ಬಂದು ನಿಲ್ಲುತ್ತಿತ್ತು.

ನನಗೆ ಸಿಟ್ಟು ಬಂತು. ನಾನು ಹಿರಿಯೂರಿನಲ್ಲಿ ಬಿ.ಎ. ಓದಿದವಳು, ಜೇಬಿನಲ್ಲಿ ಫೋನಿಟ್ಟುಕೊಂಡು ತಿರುಗುವ ಮಾವ ಅದು ಹೇಗೆ ದಾರಿ ತಪ್ಪುತ್ತಾನೆ ಎಂದು ಬಸ್ಸಿನುದ್ದಕ್ಕೂ ಗೊಣಗಿಕೊಂಡೆ. ಆಮೇಲೆ ನನ್ನ ಅಣ್ಣ ಕನಕರಾಜನ ನೆನಪಾಯಿತು. ಅವನು ಲಾರಿ ಓಡಿಸುತ್ತಾನೆ. ನನ್ನ ಮಗಳಿಗೆ ಹಗಲಿನಲ್ಲಿ ಒಂದಾದರೂ ಕಥೆಯನ್ನು ಮುಗಿಸಿ ಹೇಳಿದ್ದೇನೆಯೇ ಎಂದು ಯೋಚಿಸಿದೆ. ಹೇಳಿರಲಿಲ್ಲ. ಪುರುಸೊತ್ತು ಸಿಕ್ಕಿಲ್ಲ, ಅಷ್ಟೇ ಎಂದು ನನಗೆ ನಾನೇ ಸಮಾಧಾನ ಮಾಡಿಕೊಂಡೆ.

ಕಚೇರಿಗೆ ಇದನ್ನು ತಿಳಿಸಬಹುದಿತ್ತು. ತಿಳಿಸಿದ್ದರೆ ಹಟ್ಟಿಗೆ ಒಂದು ಬ್ಯಾನರು, ಒಂದು ಮೈಕು, ಮೂಢನಂಬಿಕೆಯ ಮೇಲೆ ಒಂದು ಬೀದಿನಾಟಕ ಬರುತ್ತಿತ್ತು. ನಾಟಕದವರು ಸಂಜೆ ವ್ಯಾನು ಹತ್ತಿ ಹೋಗುತ್ತಿದ್ದರು, ಮರುದಿನ ಮುಚ್ಚಿದ ಬಾಗಿಲುಗಳ ಮುಂದೆ ನಿಲ್ಲಬೇಕಾದವಳು ನಾನು. ಹಾಗಾಗಿ ಬಾಯಿ ಮುಚ್ಚಿಕೊಂಡಿದ್ದೆ.

ಕಷ್ಟವಾದದ್ದು ಶಿವುಗೆ. ಮರಿ ಮಳೆಯಲ್ಲಿ ನೆನೆಯುತ್ತಲೇ ಇತ್ತು. ಪ್ರತಿ ವಾರ ನಾನು ಬಂದ ಕೂಡಲೇ ಚೀಲಕ್ಕೆ ಕೈ ಹಾಕಿ ಅದೇ ಪುಸ್ತಕ ಎಳೆಯುತ್ತಿದ್ದ. ಬೇರೆ ಪುಸ್ತಕ ತೋರಿಸಿದರೆ ಮುಖ ತಿರುಗಿಸುತ್ತಿದ್ದ. ಓದಿ ನಿಲ್ಲಿಸಿದ ಮೇಲೆ ಮುಚ್ಚಿದ ಪುಸ್ತಕದ ಮೇಲೆ ಬೆರಳಿಟ್ಟು, “ಮರಿ ಮನೆಗೆ ಬಂತಾ?” ಎಂದು ಕೇಳುತ್ತಿದ್ದ.

“ರಾತ್ರಿ ಹೇಳಾದು ತಾನೇ ಕಾವ್ಯ,” ಎಂದು ಒಂದು ದಿನ ಕೇಳಿದೆ. “ರಾತ್ರಿ ಹೊತ್ತು ಯಾವ ಅಡ್ಡಿ?”

“ಹೇಳಿದೀನಿ ಅಕ್ಕ. ದಿನಾ ಹೇಳ್ತೀನಿ, ಬಂತು ಕಣಪ್ಪ ಅಂತ. ಪುಸ್ತಕದಾಗೆ ತೋರ್ಸು ಅಂತಾನೆ. ಪುಸ್ತಕ ನಿಮ್ಮ ಚೀಲದಾಗೆ ಇರ್ತೈತೆ. ನನ್ನ ಮಾತು ನಂಬಲ್ಲ ಅವ್ನು. ಮಲಗ್ಸಾಕೆ ಅಂತ ದಿನಾ ರಾತ್ರಿ, ಮಾವ ನಾಳೆ ಬರ್ತಾನೆ, ಮಲಕ್ಕ ಅಂತೀನಿ. ಶುರುನಾಗೆ ನಂಬ್ತಿದ್ದ.”

ಗಂಡ ತಿಂಗಳಿಗೊಮ್ಮೆ ಬಂದು ಹೋಗುವ ಮನೆಯಲ್ಲಿ ಶಿವುಗೆ ಗಂಡು ದಿಕ್ಕು ಎಂದರೆ ಮಾವನೇ. ಹೆಗಲ ಮೇಲೆ ಕೂರಿಸಿಕೊಂಡು ಮಂದೆ ನಡುವೆ ತಿರುಗಾಡಿಸಿದವನು, ಕುರಿಯ ಕಿವಿ ಹಿಡಿಯಲು ಕಲಿಸಿದವನು. ಮಾವ ಬಂದರೆ ಕಥೆ ಹಗಲಲ್ಲೇ ಮುಗಿಸಬಹುದು, ಮನೆಯೊಳಗೆ ಕುಳಿತವನು ದಾರಿ ತಪ್ಪುವುದೆಲ್ಲಿಂದ ಬಂತು ಎಂದು ನಿಂಗಕ್ಕ ಇನ್ನೊಂದು ತೀರ್ಪು ಕೊಟ್ಟಿದ್ದಳು. ಶಿವು ಅದನ್ನೇ ಹಿಡಿದುಕೊಂಡ. ಮಾವ ಬರಬೇಕು, ಮರಿ ಮನೆಗೆ ಬಂತೋ ಇಲ್ಲವೋ ಪುಟದಲ್ಲಿ ನೋಡಬೇಕು. ಅವನಿಗೆ ಆ ಎರಡೂ ಒಂದೇ ಆಗಿಹೋಗಿದ್ದವು. ನನಗೆ ಅವನನ್ನು ನೋಡಿದರೆ ಸಂಕಟವಾಗುತ್ತಿತ್ತು, ಆದರೆ ಸಂಕಟಕ್ಕೆ ಆ್ಯಪಿನಲ್ಲಿ ಜಾಗವಿರಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಕಚೇರಿಗೆ ಕರೆಸಿದರು. ಮೇಲ್ವಿಚಾರಕಿ ಅನುಪಮಾ ಮೇಡಂ ಮೇಜಿನ ಮೇಲೆ ನನ್ನ ಚೀಲದ ಪುಸ್ತಕಗಳನ್ನು ಹರಡಿಕೊಂಡಿದ್ದರು. ಎಲ್ಲ ಪುಟಗಳಲ್ಲೂ ಬೆಲ್ಲದ ಅಂಟು, ಮುದ್ದೆ ಹಿಟ್ಟು, ಮಕ್ಕಳ ಬೆರಳ ಗುರುತು. ಕೊನೆಯ ಪುಟ ಮಾತ್ರ ಅಚ್ಚಿನ ಮನೆಯಿಂದ ಆಗ ತಾನೇ ಬಂದ ಹಾಗೆ ಗರಿಗರಿಯಾಗಿತ್ತು.

“ಮಮತಾ, ನೀವು ಒಂದು ಮನೆಯಲ್ಲೂ ಪುಸ್ತಕ ಮುಗಿಸಿಲ್ಲ,” ಎಂದರು. “ಫೋಟೊ ತೆಗೆದು ಎದ್ದು ಬರ್ತಾ ಇದೀರಿ ಅಂತ ತಾನೇ ಅರ್ಥ?”

“ಹಾಗಲ್ಲ ಮೇಡಂ.”

“ಮತ್ತೆ ಹೇಗೆ?”

ಮಾವಂದಿರ ವಿಷಯ ಹೇಳಲು ಬಾಯಿ ಬರಲಿಲ್ಲ. ಬೀದಿನಾಟಕ ಕಣ್ಣ ಮುಂದೆ ಬಂತು. ಬೆಂಗಳೂರಿನಿಂದ ತಜ್ಞೆ ಶೋಭಾರಾಣಿ ಮೇಡಂ ಬರುತ್ತಾರೆ, ಅವರ ಎದುರು ಒಬ್ಬ ತಾಯಿ ಪೂರ್ತಿ ಓದಿ ತೋರಿಸಲಿ, ಇಲ್ಲದಿದ್ದರೆ ಧರ್ಮಪುರಕ್ಕೆ ಬೇರೆಯವರನ್ನು ಹಾಕುತ್ತೇವೆ ಎಂದರು ಅನುಪಮಾ ಮೇಡಂ. ಅವರು ಕೆಟ್ಟವರಲ್ಲ. ಆ ಪುಸ್ತಕಗಳನ್ನು ನೋಡಿ ಬೇರೆ ಯಾರಾದರೂ ಅದನ್ನೇ ಹೇಳುತ್ತಿದ್ದರು.

ನಾನು ಹೋಗಿ ಕಾವ್ಯಶ್ರೀಯ ಮುಂದೆ ಕುಳಿತೆ. ನನ್ನ ಕೆಲಸ ಹೋಗುತ್ತದೆ ಎಂದು ನೇರವಾಗಿ ಹೇಳಿದೆ. ಅವಳು ಅತ್ತೆಯ ಮುಖ ನೋಡಿದಳು, ನಿಂಗಕ್ಕ ಸೂರು ನೋಡಿದಳು.

“ನಿಮಗೋಸ್ಕರ ಓದ್ತೀನಿ ಅಕ್ಕ,” ಎಂದಳು ಕಾವ್ಯಶ್ರೀ ಕೊನೆಗೆ. “ಒಂದ್ಸಲ ತಾನೇ. ಹಿಂದಿನ ದಿನ ಅಣ್ಣಂಗೆ ಫೋನ್ ಮಾಡಿ, ಆವತ್ತು ಎಲ್ಲೂ ಅಲ್ಲಾಡ್ಬೇಡ ಅಂತೀನಿ.”

ತಪಾಸಣೆಯ ದಿನ ಬೆಳಿಗ್ಗೆ ನಾವು ಹೋದಾಗ ಅವಳ ಮುಖ ಬಿಳಿಚಿಕೊಂಡಿತ್ತು. ಶೋಭಾರಾಣಿ ಮೇಡಂ ಚಾಪೆಯ ಮೇಲೆ ಕುಳಿತು ನಿಂಗಕ್ಕ ಕೊಟ್ಟ ಮಜ್ಜಿಗೆ ಕುಡಿಯುತ್ತಿದ್ದರು. ಕಾವ್ಯಶ್ರೀ ನನ್ನನ್ನು ಅಡುಗೆ ಕೋಣೆಗೆ ಕರೆದಳು. “ಮೊನ್ನೆಯಿಂದ ಅಣ್ಣನ ಫೋನು ಹತ್ತುತಿಲ್ಲ ಅಕ್ಕ. ಸ್ವಿಚ್ಚಾಫ್ ಬರ್ತೈತೆ.”

ಚಾರ್ಜಿರಲಿಕ್ಕಿಲ್ಲ ಎಂದು ಹೇಳಬೇಕಿತ್ತು. ನನಗೆ ಅದು ಗೊತ್ತಿತ್ತು, ಅವಳಿಗೂ ಗೊತ್ತಿತ್ತು. “ನಿನಗೆ ಹೆಂಗೆ ತೋಚುತ್ತೋ ಹಂಗೆ ಮಾಡು,” ಎಂದೆ. ಹಾಗೆ ಅಂದದ್ದಕ್ಕೆ ಆ ಕ್ಷಣವೇ ನನ್ನ ಮೇಲೆ ನನಗೇ ಕೋಪ ಬಂತು. ನಮ್ಮ ಮನೆಯಲ್ಲಿ ದುಡಿಯುವವಳು ನಾನೊಬ್ಬಳೇ.

ಅವಳು ಓದಿದಳು. ಎಂದಿನ ಹಾಗೆ ಚೆನ್ನಾಗಿಯೇ ಓದಿದಳು. ಬಾವಿ, ನವಿಲು, ಬಸ್ಸು, ಮಳೆ. ಆಮೇಲೆ ಪುಸ್ತಕ ಮುಚ್ಚಿ ಮಡಿಲಲ್ಲಿಟ್ಟುಕೊಂಡು ತಲೆ ತಗ್ಗಿಸಿದಳು.

ಅನುಪಮಾ ಮೇಡಂ ನನ್ನ ಕಡೆ ನೋಡಿದರು. ನಾನು ಗೋಡೆ ಮೇಲಿನ ಹಲ್ಲಿಯನ್ನು ನೋಡಿದೆ. ಶೋಭಾರಾಣಿ ಮಾತ್ರ ಶಿವುವಿನ ಕಡೆ ಬಗ್ಗಿ, “ಆಮೇಲೆ ಮರಿಗೆ ಏನಾಯ್ತು ಪುಟ್ಟಾ?” ಎಂದರು.

“ಬಸ್ಸತ್ತಿ ಹಿರಿಯೂರಿಗೆ ಹೋತು,” ಎಂದ ಶಿವು.

“ಓಹೋ. ಆಮೇಲೆ?”

“ಅಲ್ಲಿ ನಮ್ಮಪ್ಪ ಗಾರೆ ಕಲಸ್ತಿದ್ದ. ಇದು ಯಾರ ಮರಿ ಅಂದ. ಪೊಲೀಸ್ನೋರು ನಮ್ಮಾವಂಗೆ ಫೋನ್ ಮಾಡಿದ್ರು. ಸ್ವಿಚ್ಚಾಫ್.”

ಕಾವ್ಯಶ್ರೀ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

“ಹಾಗಾದ್ರೆ ಕೊನೆಗೆ ಮರಿ ಮನೆಗೆ ಬಂತಾ?”

“ಗೊತ್ತಿಲ್ಲ. ಮಾವ ಬಂದ್ಮೇಲೆ ನೋಡ್ಬೇಕು.”

ಶೋಭಾರಾಣಿ ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. ಪಕ್ಕದ ಮನೆಗೆ ಹೋದರು, ಅದರ ಪಕ್ಕದ ಮನೆಗೂ ಹೋದರು. ಎಲ್ಲ ಕಡೆ ಕಥೆ ಮಳೆಯ ಪುಟಕ್ಕೆ ನಿಂತಿತು, ಎಲ್ಲ ಕಡೆ ಮಗು ತನ್ನದೇ ಒಂದು ಕೊನೆಯನ್ನು ಕಟ್ಟಿಕೊಂಡಿತ್ತು. ಒಂದು ಮನೆಯಲ್ಲಿ ಮರಿ ಆಂಧ್ರಕ್ಕೆ ಹೋಗಿ ತೆಲುಗು ಕಲಿತಿತ್ತು. ಇಷ್ಟು ಸಣ್ಣ ಮಕ್ಕಳು ಹೀಗೆ ಕಥೆ ಕಟ್ಟುವುದನ್ನು ತಾನು ದೊಡ್ಡ ದೊಡ್ಡ ಶಾಲೆಗಳಲ್ಲೂ ಕಂಡಿಲ್ಲ ಎಂದರು.

“ಕೊನೆ ಪುಟ ಬಿಡೋದು ನಿಮ್ಮದೇ ಐಡಿಯಾನಾ ಮಮತಾ?”

ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ನಿಂಗಕ್ಕ, “ಐಡಿಯಾ ಏನಿಲ್ಲ ಕಣವ್ವ, ಮಾವ ದಾರಿ ತಪ್ಪಬಾರ್ದಲ್ಲ, ಅದಕ್ಕೆ,” ಎಂದಳು. ಶೋಭಾರಾಣಿ ಮೇಡಂ ಕಣ್ಣು ಮುಚ್ಚಿ ಆ ಮಾತನ್ನು ಸವಿದು, “ಎಷ್ಟು ಕಾವ್ಯಾತ್ಮಕವಾಗಿ ಹೇಳ್ತಾರೆ,” ಎಂದರು. ಇದ್ದದ್ದನ್ನು ಇದ್ದ ಹಾಗೆ ಹೇಳಿದರೂ ತಜ್ಞರಿಂದ ತಪ್ಪಿಸಿಕೊಳ್ಳಬಹುದು ಎಂದು ನನಗೆ ಆವತ್ತು ಗೊತ್ತಾಯಿತು. ನಾನು ಹೌದು ಮೇಡಂ ಎಂದೆ. ದುರ್ಗೇಶನ ಫೋನು ಸಂಜೆ ಹತ್ತಿತು. ಚಾರ್ಜಿರಲಿಲ್ಲವಂತೆ.

ಅಲ್ಲಿಂದ ಮುಂದೆ ನನಗೆ ಒಳ್ಳೆಯ ಕಾಲ ಬಂತು. ಕೆಲಸ ಉಳಿಯಿತು, ಅಷ್ಟೇ ಅಲ್ಲ, ನಾಲ್ಕೂ ತಾಲ್ಲೂಕುಗಳ ಕಾರ್ಯಕರ್ತೆಯರಿಗೆ ನಾನೇ ತರಬೇತಿ ಕೊಡಬೇಕಾಯಿತು. ಅದಕ್ಕೆ ‘ತೆರೆದ ಕೊನೆ ವಿಧಾನ’ ಎಂದು ಹೆಸರಿಟ್ಟಿದ್ದರು. ಪರದೆಯ ಮೇಲೆ ಶಿವುವಿನ ಫೋಟೊ ಬಂತು, ಕೆಳಗೆ ದೊಡ್ಡ ಅಕ್ಷರದಲ್ಲಿ ‘ಕಾಯುವಿಕೆಯೇ ಕಲ್ಪನೆಯ ತಾಯಿ’ ಎಂದಿತ್ತು. ಆ ಹುಡುಗ ಏನನ್ನು ಕಾಯುತ್ತಿದ್ದಾನೆ ಎಂದು ಸಭೆಯಲ್ಲಿ ಯಾರೂ ಕೇಳಲಿಲ್ಲ.

ಹೊಳಲ್ಕೆರೆ ತಾಲ್ಲೂಕಿನ ರಾಮಗಿರಿಯಿಂದ ಬಂದ ಶಿವಗಂಗಮ್ಮ ಎಂಬವರು ಮಾತ್ರ ಎದ್ದು ನಿಂತರು. “ಮೇಡಂ, ನಮ್ಮ ಕಡೆ ತಾಯಂದಿರು ಪೂರ್ತಿ ಓದ್ಬಿಡ್ತಾರೆ. ಮಕ್ಕಳು ಖುಷಿಯಾಗಿ ಇನ್ನೊಂದ್ಸಲ ಓದು ಅಂತವೆ. ಈಗ ಏನ್ ಮಾಡ್ಬೇಕು?”

“ನಿಲ್ಲಿಸಿ,” ಎಂದರು ಅನುಪಮಾ ಮೇಡಂ.

ಶಿವಗಂಗಮ್ಮ ನನ್ನ ಮುಖ ನೋಡುತ್ತಾ ಕುಳಿತರು. ಊಟದ ಹೊತ್ತಿಗೆ ನನ್ನ ಪಕ್ಕ ಬಂದು, “ನಿಮ್ಮ ಹಟ್ಟೀಲಿ ನಿಜವಾಗ್ಲೂ ಏನ್ ನಡೀತಮ್ಮ?” ಎಂದು ಮೆಲ್ಲಗೆ ಕೇಳಿದರು. ನಾನು ಪಾಯಸ ಚೆನ್ನಾಗಿದೆ ಎಂದೆ.

ತಾಯಂದಿರನ್ನು ತಡೆಯುವುದು ಕಷ್ಟ ಎಂದು ಕಚೇರಿಗೂ ಗೊತ್ತಾಯಿತು. ಬೇಸಿಗೆಯ ಹೊತ್ತಿಗೆ ‘ತಪ್ಪಿಸಿಕೊಂಡ ಮರಿ’ಯ ಹೊಸ ಮುದ್ರಣ ಬಂತು. ಹಳೆಯ ಪ್ರತಿಗಳನ್ನೆಲ್ಲ ವಾಪಸ್ ತರಿಸಿಕೊಂಡರು. ಹೊಸದರಲ್ಲಿ ಬಾವಿ ಇತ್ತು, ನವಿಲಿತ್ತು, ಬಸ್ಸಿತ್ತು, ಮಳೆಯಿತ್ತು. ಕೊನೆಯ ಪುಟ ಖಾಲಿ. ಕೆಳಗೆ ಸಣ್ಣಕ್ಷರದಲ್ಲಿ, ‘ಇದು ಮಗುವಿನ ಕಲ್ಪನೆಯ ಜಾಗ. ದೊಡ್ಡವರು ಇಲ್ಲಿ ಏನನ್ನೂ ಬರೆಯಬಾರದು’ ಎಂದಿತ್ತು. ನಿಂಗಕ್ಕನ ತೀರ್ಪನ್ನು ಅವಳ ಹೆಸರಿಲ್ಲದೆ ಅಚ್ಚು ಹಾಕಿಸಿದ್ದರು.

ನನಗೆ ಒಳಗೊಳಗೆ ನಿರಾಳವಾಯಿತು. ಓದಿಸು ಎಂದು ಪೀಡಿಸಬೇಕಾಗಿಲ್ಲ, ಕಾವ್ಯಶ್ರೀ ನಿಲ್ಲಿಸಿದರೆ ಹೆದರಬೇಕಾಗಿಲ್ಲ. ಶಿವುವಿನ ಮುಂದೆ ಆ ಪುಟ ತೆರೆಯುವ ದಿನ ಬರುತ್ತದೆ ಎಂಬುದನ್ನು ನಾನು ಯೋಚಿಸಲೇ ಇಲ್ಲ.

ಮೊದಲ ಮುಂಗಾರು ಮಳೆಗೆ ಇನ್ನೂ ಸಮಯವಿತ್ತು. ಆ ವಾರ ಹಟ್ಟಿಯ ತಿರುವಿನಲ್ಲಿ ಬಸ್ಸಿಳಿದಾಗ ಶಿವು ರಸ್ತೆಯಲ್ಲೇ ನಿಂತಿದ್ದ. ಒಂದು ಕೈಯಲ್ಲಿ ಎತ್ತರದ ಮನುಷ್ಯನೊಬ್ಬನ ಬೆರಳು ಹಿಡಿದಿದ್ದ. ಆ ಮನುಷ್ಯನ ಹೆಗಲ ಮೇಲೆ ಕಂಬಳಿ, ಮುಖ ಬಿಸಿಲಿಗೆ ಕರ್ರಗಾಗಿತ್ತು.

“ಮಾವ ಬಂದ,” ಎಂದ ಶಿವು. ನನಗೆ ನಮಸ್ಕಾರ ಹೇಳುವುದನ್ನೂ ಮರೆತು ಚೀಲಕ್ಕೆ ಕೈ ಹಾಕಿದ.

ಮಂದೆ ಅಮರಾಪುರದ ಕಡೆಯಿಂದ ಭದ್ರಾ ಕಾಲುವೆಯ ಸೀಮೆಗೆ ಹೊರಟಿತ್ತು. ಧರ್ಮಪುರದ ಕೆರೆಯಂಗಳದಲ್ಲಿ ಜೊತೆಯವರ ಕೈಗೆ ಬಿಟ್ಟು, ತಂಗಿಯ ಮನೆಯಲ್ಲಿ ಒಂದು ಹೊತ್ತು ಉಂಡು ಹೋಗಲೆಂದು ದುರ್ಗೇಶ ಬಂದಿದ್ದ. ಸಂಜೆಗೆ ಮತ್ತೆ ಹೊರಡಬೇಕು. “ಇವ್ನು ಬೆಳಿಗ್ಗೆಯಿಂದ ನನ್ನ ಮುದ್ದೆ ಉಣ್ಣಾಕೂ ಬಿಟ್ಟಿಲ್ಲ,” ಎಂದು ನಕ್ಕ. “ಅದ್ಯಾವ್ದೋ ಮರಿ ಬಂತೋ ಇಲ್ವೋ ನೋಡ್ಬೇಕಂತೆ. ಮಂದೇಲಿ ದಿನಾ ಮರಿ ಎಣಿಸಿ ಎಣಿಸಿ ಸಾಕಾಗಿ ಇಲ್ಲಿಗೆ ಬಂದ್ರೆ ಇಲ್ಲೂ ಅದೇ.”

ಮನೆಯವರೆಗೆ ನಡೆದು ಹೋಗುವಾಗ, ಚೀಲದಲ್ಲಿರುವುದು ಖಾಲಿ ಪುಟದ ಹೊಸ ಮುದ್ರಣ ಎಂದು ನೆನಪಾಯಿತು.

ಎಲ್ಲರೂ ಕುಳಿತರು. ಬಾಗಿಲ ಬೆಳಕು ಬೀಳುವಲ್ಲಿ ಚಾಪೆ, ಚಾಪೆಯ ಮೇಲೆ ದುರ್ಗೇಶ, ಅವನ ತೊಡೆಯ ಮೇಲೆ ಶಿವು. ನಿಂಗಕ್ಕ ಅಧ್ಯಕ್ಷರ ಹಾಗೆ ಕಂಬಕ್ಕೊರಗಿ, “ಓದಮ್ಮ, ಈಗ ಯಾವ ಭಯವೂ ಇಲ್ಲ,” ಎಂದಳು. ಕಾವ್ಯಶ್ರೀ ಹೊಸ ಪುಸ್ತಕ ಎತ್ತಿಕೊಂಡಳು. ಹೊಸದೆಂದು ಅವಳಿಗೆ ಗೊತ್ತಾಗಲಿಲ್ಲ, ಹೊದಿಕೆಯ ಚಿತ್ರ ಅದೇ ಇತ್ತು. ನಾನು ಹೇಳಬೇಕಿತ್ತು, ಹೇಳಲು ಆಗಲಿಲ್ಲ. ಅವಳು ಅಣ್ಣನ ಮುಖ ನೋಡುತ್ತಾ, ಆವತ್ತಿನವರೆಗೆ ಎಂದೂ ಓದದಷ್ಟು ಚೆನ್ನಾಗಿ ಓದಿದಳು. ಮಳೆಯ ಪುಟ ಬಂತು. ಶಿವು ಉಸಿರು ಬಿಗಿಹಿಡಿದಿದ್ದ. ಅವಳು ಪುಟ ಮಗುಚಿದಳು.

ಬಿಳಿ ಹಾಳೆ.

ಶಿವು ಬೆರಳಿಟ್ಟ. ಬೆರಳನ್ನು ಮೇಲಿನಿಂದ ಕೆಳಗೆ, ಈ ತುದಿಯಿಂದ ಆ ತುದಿಗೆ ಓಡಿಸಿದ. ಹಾಳೆ ತಿರುಗಿಸಿ ಹಿಂದೆಯೂ ನೋಡಿದ.

“ಮರಿ ಇಲ್ಲ,” ಎಂದ.

“ಬಂತು ಕಣೋ ಶಿವು,” ಎಂದೆ ನಾನು ಅವಸರವಾಗಿ. “ಮರಿ ಮನೆಗೆ ಬಂತು. ಅದರವ್ವ ಮೈಯೆಲ್ಲ ನೆಕ್ಕಿತು. ನಾನು ನೋಡಿದೀನಿ.”

“ಇಲ್ಲಿ ಇಲ್ಲ.” ಅವನು ನನ್ನ ಕಡೆ ನೋಡಲಿಲ್ಲ. ಅಳಲೂ ಇಲ್ಲ. ಮಾವನ ಅಂಗಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, “ನೀನು ಹೋಗ್ಬ್ಯಾಡ ಮಾವ,” ಎಂದ.

ಕಾವ್ಯಶ್ರೀ ನನ್ನನ್ನು ನೋಡುತ್ತಿದ್ದಳು, ಬೈಯುವ ಕಣ್ಣಲ್ಲ, ಅದಕ್ಕೇ ನೋಡಲಾಗಲಿಲ್ಲ. ನನಗೆ ಕಚೇರಿಯ ಮೇಲೆ, ಆ ಕಿಟಕಿಯ ಮೇಲೆ, ನನ್ನ ಮೇಲೆ ಒಟ್ಟಿಗೇ ಸಿಟ್ಟು ಉಕ್ಕಿತು. ಚೀಲದಿಂದ ಪೆನ್ನು ತೆಗೆದೆ. ಶಿವುವಿನ ಎದುರಿಗೇ ಆ ಹಾಳೆಯ ಮೇಲೆ ಒಂದು ಹೊಟ್ಟೆ, ನಾಲ್ಕು ಕಾಲು, ಒಂದು ತಲೆ ಬರೆದೆ. ಚಿತ್ರ ಬಿಡಿಸಲು ನನಗೆ ಬಾರದು. ಪೆನ್ನು ಕಪ್ಪು ಬೇರೆ. ಪಕ್ಕದಲ್ಲಿ ಇನ್ನೊಂದು ದೊಡ್ಡದನ್ನು ಬರೆದೆ, ಅದರ ನಾಲಗೆ ಮರಿಯ ಬೆನ್ನಿನ ಮೇಲಿತ್ತು. ಹಿಂದೆ ಒಂದು ಮನೆ, ಬಾಗಿಲು. ನನ್ನ ಪೆನ್ನಿನ ತುದಿ ‘ದೊಡ್ಡವರು ಇಲ್ಲಿ ಏನನ್ನೂ ಬರೆಯಬಾರದು’ ಎಂಬ ಸಾಲಿನ ಮೇಲೆಯೇ ಹಾದು ಹೋಯಿತು.

ಶಿವು ಬಹಳ ಹೊತ್ತು ನೋಡಿದ. “ಇದು ನಾಯಿ ಇದ್ದಂಗೈತೆ.”

ದುರ್ಗೇಶ ಪುಸ್ತಕವನ್ನು ಬೆಳಕಿಗೆ ಹಿಡಿದ. “ಲೇ, ನಾಯಿ ಅಲ್ಲ ಕಣ್ಲೇ. ಕಪ್ಪಗೈತಲ್ಲ, ನಮ್ಮ ಮಂದೇದೇ ಇದು. ಆ ಬೆಳ್ಳನೇದು ಯಾರ್ದೋ,” ಎಂದ. ದನಿಯಲ್ಲಿ ತಮಾಷೆಯಿರಲಿಲ್ಲ.

ಶಿವು ಕಪ್ಪು ಮರಿಯ ಮೇಲೆ ಬೆರಳಿಟ್ಟ. ನಾನು ಮೊದಲ ವಾರ ಕಲಿಸಿದ ಹಾಗೆಯೇ, ಇದ್ದದ್ದನ್ನು ತೋರಿಸಿ, ಒಂದೊಂದೇ ಮಾತು ಬಿಡಿಸಿ ಹೇಳಿದ. “ಮರಿ. ಮನೆಗೆ. ಬಂತು.”

ನಿಂಗಕ್ಕ ಮೂಗು ಸೀಟಿಕೊಂಡಳು. ನಾನು ಫೋಟೊ ತೆಗೆಯಲಿಲ್ಲ.

ಬಿಸಿಲು ಇಳಿದ ಮೇಲೆ ದುರ್ಗೇಶ ಕಂಬಳಿ ಹೆಗಲಿಗೇರಿಸಿದ. ಈ ಸಲ ಶಿವು ಅಂಗಿ ಹಿಡಿಯಲಿಲ್ಲ. ಒಳಗೆ ಓಡಿ ಪುಸ್ತಕ ತಂದು ಮಾವನ ಕಂಬಳಿಯ ಮಡಿಕೆಯೊಳಗೆ ತುರುಕಿದ. “ರಾತ್ರಿ ಓದ್ಕ ಮಾವ. ಹಗಲೊತ್ತು ಓದ್ಬ್ಯಾಡ,” ಎಂದ.

ದುರ್ಗೇಶ ನನ್ನ ಮುಖ ನೋಡಿದ. ಪುಸ್ತಕ ಮನೆಯಲ್ಲೇ ಬಿಡುವಂತಿಲ್ಲ, ಅಂಥದ್ದರಲ್ಲಿ ಜಿಲ್ಲೆ ದಾಟಿ ಹೋಗುವ ಮಂದೆಯ ಜೊತೆ ಬಿಡುವ ಮಾತೆಲ್ಲಿ. “ತಗಂಡು ಹೋಗಣ್ಣ,” ಎಂದೆ.

ಆ ವಾರಾಂತ್ಯಕ್ಕೆ ಅನುಪಮಾ ಮೇಡಂ ಫೋನ್ ಮಾಡಿದರು. ದುರ್ಗದಲ್ಲಿ ಯೋಜನೆಯ ದೊಡ್ಡ ಕಾರ್ಯಕ್ರಮವಿತ್ತು. ತೆರೆದ ಕೊನೆ ವಿಧಾನ ಹುಟ್ಟಿದ ಮನೆಯ ಪುಸ್ತಕ, ಶಿವುವಿನ ಪುಸ್ತಕ, ವೇದಿಕೆಯ ಮೇಲೆ ಗಾಜಿನ ಪೆಟ್ಟಿಗೆಯಲ್ಲಿ ಇರಬೇಕಂತೆ. ಬೆಂಗಳೂರಿನವರು ಕೊನೆಯ ಪುಟ ನೋಡಲೆಂದೇ ಬರುತ್ತಿದ್ದಾರಂತೆ.

“ಎಲ್ಲಿದೆ ಅದು?”

“ಬೇರೆ ಕಡೆ ಹೋಗಿದೆ ಮೇಡಂ.”

“ಬೇರೆ ಕಡೆ ಅಂದ್ರೆ? ಪುಸ್ತಕ ಹೊರಗೆ ಬಿಡಬಾರದು ಅಂತ ತರಬೇತೀಲಿ ಹೇಳಿಕೊಡೋರೇ ನೀವು. ಕೊನೆ ಪುಟ ಖಾಲಿ ಇದೆ ತಾನೇ?”

“ಇಲ್ಲ ಮೇಡಂ. ಬರೆದಾಗಿದೆ.”

“ಯಾರು ಬರೆದಿದ್ದು, ಮಗುವಾ?”

“ನಾನು.”

ಮೊದಲು ಕೊನೆಯ ಪುಟ ಮುಟ್ಟಿಲ್ಲವೆಂದು ಕೆಲಸ ಹೋಗುವುದರಲ್ಲಿತ್ತು, ಈಗ ಮುಟ್ಟಿದ್ದೇನೆಂದು. ನನಗೆ ನಗು ಬಂತು, ಆದರೆ ನಗಲಿಲ್ಲ.

“ಅದು ಯಾವಾಗ ಬರುತ್ತೆ, ಅದನ್ನಾದ್ರೂ ಹೇಳಿ ಮಮತಾ,” ಎಂದರು ಮೇಡಂ. ದನಿ ಸೋತಿತ್ತು, ಪಾಪ.

ಮಂದೆ ಎಲ್ಲಿ ನಿಂತಿದೆಯೋ ನನಗೆ ಗೊತ್ತಿರಲಿಲ್ಲ. ಕಾವ್ಯಶ್ರೀ ದಿನಾ ರಾತ್ರಿ ಮಗನನ್ನು ಮಲಗಿಸಲು ಹೇಳುತ್ತಿದ್ದ ಮಾತೇ ನನ್ನ ಬಾಯಿಗೆ ಬಂತು.

“ನಾಳೆ ಬರುತ್ತೆ ಮೇಡಂ,” ಎಂದೆ.